ಛಾಯಾಚಿತ್ರ ಸಂಪಾದನೆಯಲ್ಲಿ ಪಾಠಶುದ್ಧಿಯ ಪ್ರಶ್ನೆ

ನಮ್ಮ ವಿಭಾಗಕ್ಕೆ ವರ್ಷವರ್ಷವೂ ಬರುವ ಎಂ.ಎ. ತರಗತಿಯ ಪ್ರಬಂಧಗಳಲ್ಲಿ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ತಾಲ್ಲೂಕುಗಳ ದೇವಾಲಯ, ಶಾಸನ, ವೀರಗಲ್ಲುಗಳನ್ನು ಕುರಿತವು ಹೆಚ್ಚು. ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಸುತ್ತಮುತ್ತಲ ಕಲ್ಲುಗಳನ್ನೇ ಆರಿಸಿಕೊಳ್ಳುವುದು ಸಹಜವೂ ಹೌದು, ಶ್ಲಾಘ್ಯವೂ ಹೌದು. ಕೆಲವು ವರ್ಷಗಳ ಹಿಂದಿನ ಪ್ರಬಂಧಗಳಲ್ಲಿ ಅಂಟಿಸಿರುತ್ತಿದ್ದ ಛಾಯಾಚಿತ್ರಗಳು ಮಂಕಾಗಿಯೂ ವಾರೆಯಾಗಿಯೂ ಇರುತ್ತಿದ್ದುವು. ಗೋಪುರ ಒಂದು ಕಡೆಗೆ ವಾಲಿರುತ್ತಿತ್ತು, ಗರ್ಭಗುಡಿಯೊಳಗಿನ ಮೂರ್ತಿ ಕತ್ತಲಲ್ಲಿ ಕರಗಿಹೋಗಿರುತ್ತಿತ್ತು. ಈಚಿನ ಪ್ರಬಂಧಗಳ ಚಿತ್ರಗಳಾದರೋ ಪ್ರವಾಸೋದ್ಯಮದ ಭಿತ್ತಿಪತ್ರಗಳಂತೆ ಬೆಳಗುತ್ತಿವೆ. ಆಕಾಶ ನೀಲಿ, ಕಲ್ಲು ನುಣುಪು, ಗೆರೆಗಳು ನೇರ. ವಿದ್ಯುತ್ತಿನ ತಂತಿಯಾಗಲಿ ತಗಡಿನ ಚಪ್ಪರವಾಗಲಿ ಎಲ್ಲಿಯೂ ಕಾಣುವುದಿಲ್ಲ. ಪರೀಕ್ಷಕನಾಗಿ ಇವನ್ನು ನೋಡುವಾಗ ಮೊದಲು ಸಂತೋಷವೂ ಆಮೇಲೆ ಸ್ವಲ್ಪ ದಿಗಿಲೂ ಉಂಟಾಗುತ್ತದೆ. ಆ ದಿಗಿಲಿನ ಕಾರಣವನ್ನು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಗಣಕಯಂತ್ರದಲ್ಲಿಯೂ ಕೈಫೋನಿನಲ್ಲಿಯೂ ಛಾಯಾಚಿತ್ರವನ್ನು ತಿದ್ದುವ ಕೆಲಸಕ್ಕೆ ನಮ್ಮ ವಿದ್ಯಾರ್ಥಿಗಳು ‘ಎಡಿಟ್ ಮಾಡುವುದು’ ಎನ್ನುತ್ತಾರೆ. ಈ ಮಾತಿಗೆ ಕನ್ನಡದಲ್ಲಿ ಸಂಪಾದನೆ ಎಂಬ ಗಂಭೀರವಾದ ಶಬ್ದವಿದೆ. ಓಲೆಗರಿಯ ಪ್ರತಿಗಳಿಂದ ಕಾವ್ಯದ ಪಾಠವನ್ನು ನಿಷ್ಕರ್ಷಿಸುವ ಕಾರ್ಯಕ್ಕೂ ಅದೇ ಹೆಸರು. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ ಆ ಶಾಸ್ತ್ರವನ್ನೇ ವಿವರಿಸುವ ಪುಸ್ತಕ. ಶಾಸನದ ಪಾಠವನ್ನು ಅಚ್ಚುಹಾಕುವವನು ನಷ್ಟವಾದ ಅಕ್ಷರಗಳ ಸ್ಥಾನದಲ್ಲಿ ಚುಕ್ಕೆಗಳನ್ನಿಡುತ್ತಾನೆ. ಸಂದೇಹವಿರುವ ಅಕ್ಷರವನ್ನು ಕಂಸದಲ್ಲಿಡುತ್ತಾನೆ. ತಾನು ಊಹಿಸಿ ತುಂಬಿದುದಕ್ಕೆ ಬೇರೆ ಗುರುತು ಹಾಕುತ್ತಾನೆ. ಲಿಪಿಕಾರನ ತಪ್ಪು ಯಾವುದು, ಸಂಪಾದಕನ ತಿದ್ದುಪಡಿ ಯಾವುದು ಎಂಬುದು ಓದುವವನಿಗೆ ಕಣ್ಣಿಗೆ ಕಟ್ಟಿದಂತೆ ತಿಳಿಯುತ್ತದೆ. ಅದೇ ಪ್ರಬಂಧದ ಮುಂದಿನ ಪುಟದಲ್ಲಿರುವ ಛಾಯಾಚಿತ್ರಕ್ಕೆ ಮಾತ್ರ ಕಂಸವೂ ಇಲ್ಲ, ಚುಕ್ಕೆಯೂ ಇಲ್ಲ. ತಿದ್ದಿದುದೂ ತಿದ್ದದಿದ್ದುದೂ ಒಂದೇ ಬಣ್ಣದ ಒಂದೇ ನುಣುಪಿನ ಮೇಲ್ಮೈಯಲ್ಲಿ ಬೆರೆತುಹೋಗಿರುತ್ತವೆ. ಪಾಠಕ್ಕೆ ಒಂದು ನ್ಯಾಯ, ಪಟಕ್ಕೆ ಇನ್ನೊಂದು ನ್ಯಾಯ ಏತಕ್ಕೆ? ನನ್ನ ಆಕ್ಷೇಪಣೆ ಇಷ್ಟೇ. ತಂತ್ರಾಂಶವನ್ನು ಬಳಸಲೇಬಾರದೆಂದು ನಾನು ಹೇಳುತ್ತಿಲ್ಲ. ಹಲವು ಸಂದರ್ಭಗಳಲ್ಲಿ ಬಳಸದಿರುವುದೇ ತಪ್ಪಾದೀತು.

ಕ್ಯಾಮೆರಾದಿಂದ ಹುಟ್ಟಿದ ದೋಷವನ್ನು ತಿದ್ದುವುದು ನ್ಯಾಯವಾದುದು. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯವನ್ನೇ ತೆಗೆದುಕೊಳ್ಳೋಣ. ೧೨೪೬ರಲ್ಲಿ ಬೊಮ್ಮಣ್ಣ ದಂಡನಾಯಕನು ಕಟ್ಟಿಸಿದ ಈ ತ್ರಿಕೂಟಾಚಲದ ಹೊರಗೋಡೆಗಳ ಮೇಲೆ ಬೈಚೋಜ, ಮಲ್ಲಿತಮ್ಮ ಮೊದಲಾದ ರೂವಾರಿಗಳು ತಮ್ಮ ಹೆಸರುಗಳನ್ನು ಕೆತ್ತಿದ್ದಾರೆ. ಗೋಡೆಗೆ ಸಮೀಪದಲ್ಲಿಯೇ ನಿಂತು ಇಡೀ ಪಟ್ಟಿಕೆಯನ್ನು ಒಂದೇ ಪಟದಲ್ಲಿ ಹಿಡಿಯಬೇಕೆಂದರೆ ಅಗಲನೋಟದ ಮಸೂರ ಬೇಕಾಗುತ್ತದೆ. ಅಂತಹ ಮಸೂರ ನೇರವಾದ ಗೆರೆಗಳನ್ನು ಪೀಪಾಯಿಯ ಹಲಗೆಗಳಂತೆ ಹೊರಕ್ಕೆ ಬಾಗಿಸುತ್ತದೆ. ಆನೆಗಳ ಸಾಲು ಪಟದಲ್ಲಿ ಬಿಲ್ಲಿನಂತೆ ಕಂಡರೆ ಅದು ರೂವಾರಿಯ ಕೈವಾಡವಲ್ಲ. ಆಯಾ ಮಸೂರದ ಬಾಗುವಿಕೆಯನ್ನು ಅಳೆದು ಸಿದ್ಧಪಡಿಸಿದ ಲೆಕ್ಕ ಈಗಿನ ತಂತ್ರಾಂಶಗಳಲ್ಲಿಯೇ ಇರುತ್ತದೆ. ಅದನ್ನು ಅನ್ವಯಿಸಿದರೆ ಗೆರೆ ನೆಟ್ಟಗಾಗುತ್ತದೆ. ೧೯೯೦ರಲ್ಲಿ ಮಾರುಕಟ್ಟೆಗೆ ಬಂದ ಫೋಟೋಶಾಪಿಗೆ ಹಣ ಕೊಡಬೇಕು; ೧೯೯೬ರಿಂದ ಬೆಳೆದುಬಂದಿರುವ ಗಿಂಪ್ ಎಂಬುದು ಎಲ್ಲರಿಗೂ ಉಚಿತ. ಬಡವಿದ್ಯಾರ್ಥಿಗೂ ಈ ಸಾಧನ ನಿಲುಕುತ್ತದೆಂಬುದು ಸಂತೋಷದ ಸಂಗತಿ.

ಗೋಪುರ ಹಿಂದಕ್ಕೆ ಬಿದ್ದಂತೆ ಕಾಣುವ ದೋಷ ಇದಕ್ಕಿಂತ ಸ್ವಲ್ಪ ಜಟಿಲವಾದುದು. ಕ್ಯಾಮೆರಾವನ್ನು ಮೇಲಕ್ಕೆ ಎತ್ತಿ ಹಿಡಿದಾಗ ಲಂಬರೇಖೆಗಳು ಮೇಲೆ ಹೋದಂತೆ ಒಂದನ್ನೊಂದು ಸಮೀಪಿಸುತ್ತವೆ. ತಂತ್ರಾಂಶವು ಪಟದ ಮೇಲ್ಭಾಗವನ್ನು ಅಗಲಕ್ಕೆ ಎಳೆದು ಅವನ್ನು ಸಮಾನಾಂತರ ಮಾಡುತ್ತದೆ. ಚಪ್ಪಟೆಯಾದ ಗೋಡೆಗೆ ಇದು ಚೆನ್ನಾಗಿ ಹೊಂದುತ್ತದೆ. ಉಬ್ಬುತಗ್ಗುಗಳುಳ್ಳ ಮೂರ್ತಿಗೆ ಹೊಂದುವುದಿಲ್ಲ. ಶ್ರವಣಬೆಳಗೊಳದ ಗೊಮ್ಮಟನ ಎತ್ತರ ಸುಮಾರು ೫೮ ಅಡಿ. ಪಾದದ ಬಳಿ ನಿಂತು ತೆಗೆದ ಪಟದಲ್ಲಿ ಪಾದ ದೊಡ್ಡದಾಗಿ ತಲೆ ಚಿಕ್ಕದಾಗುತ್ತದೆ. ವಿದ್ಯಾರ್ಥಿ ಇದನ್ನು ಸರಿಪಡಿಸಲೆಂದು ಮೇಲ್ಭಾಗವನ್ನು ಎಳೆಯುತ್ತಾನೆ; ಎಷ್ಟು ಎಳೆಯಬೇಕೆಂಬುದಕ್ಕೆ ಅವನಿಗಿರುವ ಆಧಾರವೆಂದರೆ ತನ್ನ ಕಣ್ಣಿಗೆ ಅಂದವಾಗಿ ಕಾಣುವ ಪ್ರಮಾಣ. ಆ ಮೂರ್ತಿಯ ಅಂಗಪ್ರಮಾಣವನ್ನು ಕುರಿತು, ವಿಶೇಷವಾಗಿ ಮೊಣಕಾಲಿನ ಕೆಳಗಿನ ಭಾಗದ ಉದ್ದವನ್ನು ಕುರಿತು, ವಿದ್ವಾಂಸರು ಚರ್ಚಿಸಿರುವುದುಂಟು. ಹೀಗೆ ಎಳೆದ ಪಟವನ್ನು ಮುಂದಿಟ್ಟುಕೊಂಡು ಯಾರಾದರೂ ಅದೇ ಚರ್ಚೆಯನ್ನು ಮುಂದುವರಿಸಿದರೆ ಅವರು ವಿಮರ್ಶಿಸುತ್ತಿರುವುದು ಹತ್ತನೆಯ ಶತಮಾನದ ಶಿಲ್ಪಿಯನ್ನಲ್ಲ, ನಮ್ಮ ವಿದ್ಯಾರ್ಥಿಯನ್ನು. ಮೂರ್ತಿಯಿಂದ ದೂರ ಸರಿದು ಉದ್ದನೆಯ ಮಸೂರದಿಂದ ತೆಗೆಯುವುದೊಂದೇ ಇದಕ್ಕೆ ಪರಿಹಾರ. ತಂತ್ರಾಂಶದಲ್ಲಿ ಇದಕ್ಕೆ ಮದ್ದಿಲ್ಲ.

ಇನ್ನೊಂದು ಮಾತು. ಎಷ್ಟೋ ಹಳೆಯ ಗುಡಿಗಳ ಗೋಡೆಗಳು ತಳಪಾಯ ಕುಸಿದು ನಿಜವಾಗಿಯೇ ವಾಲಿರುತ್ತವೆ. ತಂತ್ರಾಂಶಕ್ಕೆ ಕ್ಯಾಮೆರಾದ ವಾಲಿಕೆಯೂ ಗೋಡೆಯ ವಾಲಿಕೆಯೂ ಒಂದೇ. ಅದು ಎರಡನ್ನೂ ನೆಟ್ಟಗೆ ಮಾಡಿಬಿಡುತ್ತದೆ. ಗಾರೆಕೆಲಸದವರ ತೂಗುಗುಂಡೊಂದನ್ನು ದಾರಕ್ಕೆ ಕಟ್ಟಿ ಗೋಡೆಯ ಪಕ್ಕದಲ್ಲಿ ಇಳಿಬಿಟ್ಟು ಪಟ ತೆಗೆದರೆ, ಆಮೇಲೆ ಆ ದಾರವನ್ನು ಮಾತ್ರ ನೆಟ್ಟಗೆ ಮಾಡಬಹುದು. ಗೋಡೆ ವಾಲಿದ್ದರೆ ವಾಲಿಯೇ ಉಳಿಯುತ್ತದೆ.

ಬಣ್ಣದ ವಿಷಯದಲ್ಲಿ ಹೆಚ್ಚು ಬರೆಯಬೇಕಾಗಿಲ್ಲ. ಹೊಯ್ಸಳರ ಗುಡಿಗಳ ಬಳಪದ ಕಲ್ಲು ಹಸುರುಛಾಯೆಯ ಬೂದುಬಣ್ಣದ್ದು. ನೆರಳಿನಲ್ಲಿ ತೆಗೆದ ಪಟದಲ್ಲಿ ಅದು ನೀಲಿಯಾಗಿ, ಗರ್ಭಗುಡಿಯ ದೀಪದ ಬೆಳಕಿನಲ್ಲಿ ಹಳದಿಯಾಗಿ ಕಾಣುತ್ತದೆ. ಬೂದುಬಣ್ಣದ ಕಾಗದದ ಕಾರ್ಡೊಂದನ್ನು ಕಲ್ಲಿನ ಪಕ್ಕದಲ್ಲಿಟ್ಟು ಒಂದು ಪಟ ತೆಗೆದುಕೊಂಡರೆ ಆ ಕಾರ್ಡಿನ ಆಧಾರದಿಂದ ಬಣ್ಣವನ್ನು ಸರಿಪಡಿಸುವುದು ಸುಲಭ. ನಮ್ಮವರು ಇದನ್ನು ಮಾಡದೆ ‘ಆಟೋ’ ಎಂಬ ಗುಂಡಿಯನ್ನು ಒತ್ತುತ್ತಾರೆ. ಒಂದೇ ಪ್ರಬಂಧದಲ್ಲಿ ಕೋರವಂಗಲದ ಬೂಚೇಶ್ವರ ದೇವಾಲಯ ಒಂದು ಪುಟದಲ್ಲಿ ಕಬ್ಬಿಣದ ಬಣ್ಣಕ್ಕೂ ಮತ್ತೊಂದು ಪುಟದಲ್ಲಿ ಬೆಲ್ಲದ ಬಣ್ಣಕ್ಕೂ ತಿರುಗಿದ್ದುದನ್ನು ಕಂಡು ನಾನು ಬೆರಗಾಗಿದ್ದೇನೆ.

ಶಾಸನದ ಪಟಗಳ ವಿಷಯ ಹೀಗೆ ಹಗುರವಾಗಿ ಬಿಡತಕ್ಕದ್ದಲ್ಲ. ಲೂಯಿ ರೈಸರು ೧೯೦೨ರಲ್ಲಿ ಹಾಸನ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ ಐದನೆಯ ಸಂಪುಟದಲ್ಲಿ ಪ್ರಕಟಿಸಿದಾಗ ಪಾಠವನ್ನು ಕನ್ನಡ ಲಿಪಿಯಲ್ಲಿಯೂ ರೋಮನ್ ಲಿಪಿಯಲ್ಲಿಯೂ ಕೊಟ್ಟು ಇಂಗ್ಲಿಷಿಗೆ ಅನುವಾದಿಸಿದರು. ಅಂದಿನ ಕೆಲಸಕ್ಕೆ ಪಡಿಯಚ್ಚೇ ಆಧಾರ. ಒದ್ದೆ ಕಾಗದವನ್ನು ಕಲ್ಲಿನ ಮೇಲೆ ಹಾಸಿ ಕುಂಚದಿಂದ ಬಡಿದು ಅಕ್ಷರದ ತಗ್ಗಿನೊಳಕ್ಕೆ ಇಳಿಸಿ, ಮೇಲೆ ಮಸಿ ಸವರಿದರೆ ಕಪ್ಪಿನ ನಡುವೆ ಅಕ್ಷರ ಬಿಳಿಯಾಗಿ ಮೂಡುತ್ತದೆ. ಕಾಗದ ಕಲ್ಲನ್ನು ಮುಟ್ಟಿದೆ ಎಂಬುದೇ ಪಡಿಯಚ್ಚಿನ ಬಲ. ಛಾಯಾಚಿತ್ರ ಕಲ್ಲನ್ನು ಮುಟ್ಟುವುದಿಲ್ಲ. ಕಲ್ಲಿನ ಮೇಲೆ ಬಿದ್ದ ಬೆಳಕನ್ನು ಮಾತ್ರ ಬಲ್ಲದು. ಅಕ್ಷರದ ತಗ್ಗಿನ ಅಂಚಿನಲ್ಲಿ ನೆರಳು ಬಿದ್ದರೆ ಉಂಟು, ಇಲ್ಲವಾದರೆ ಇಲ್ಲ. ಆದುದರಿಂದ ನಡುಹಗಲಿನಲ್ಲಿ ಎದುರು ಬೆಳಕಿನಲ್ಲಿ ತೆಗೆದ ಪಟವನ್ನು ತಂತ್ರಾಂಶಕ್ಕೆ ಕೊಟ್ಟು ‘ಅಕ್ಷರ ಕಾಣಿಸು’ ಎಂದು ಕೇಳಿದರೆ ಅದು ಎಲ್ಲಿಂದ ತಂದೀತು?

ಅದು ತರುವ ಬಗೆಯನ್ನು ಅರಿತಿರುವುದು ಒಳ್ಳೆಯದು. ಸಾಮಾನ್ಯವಾದ ಜೆಪೆಗ್ ಕಡತದಲ್ಲಿ ಒಂದೊಂದು ಮೂಲವರ್ಣಕ್ಕೂ ಕಪ್ಪಿನಿಂದ ಪೂರ್ಣಕಾಂತಿಯವರೆಗೆ ೨೫೬ ಮೆಟ್ಟಿಲುಗಳಿವೆ. ಕತ್ತಲಾಗಿರುವ ಕಲ್ಲಿನ ಪಟದಲ್ಲಿ ಇವುಗಳಲ್ಲಿ ಮೂವತ್ತೋ ನಲವತ್ತೋ ಮಾತ್ರ ಬಳಕೆಯಾಗಿರುತ್ತವೆ. ಅವನ್ನೇ ಎಳೆದು ೨೫೬ಕ್ಕೆ ಹರಡುವುದೇ ಕಾಂತಿಭೇದವನ್ನು ಹೆಚ್ಚಿಸುವ ವಿಧಾನ. ಹೀಗೆ ಎಳೆದಾಗ ಉಳಿಯ ಗುರುತೂ ಹೆಚ್ಚುತ್ತದೆ, ಕಲ್ಲುಹೂವಿನ ಕಲೆಯೂ ಹೆಚ್ಚುತ್ತದೆ, ಕ್ಯಾಮೆರಾದ ಒಳಗೆ ಹುಟ್ಟಿದ ಮರಳುಮರಳಾದ ಗದ್ದಲವೂ ಹೆಚ್ಚುತ್ತದೆ. ಜೆಪೆಗ್ ವಿಧಾನ ಪಟವನ್ನು ಎಂಟೆಂಟು ಬಿಂದುಗಳ ಚೌಕಗಳಾಗಿ ವಿಭಾಗಿಸಿ ಅಡಕಮಾಡುವುದರಿಂದ, ಬಹಳವಾಗಿ ಎಳೆದ ಪಟದಲ್ಲಿ ಆ ಚೌಕಗಳ ಅಂಚುಗಳು ಸಹ ಗೆರೆಗಳಾಗಿ ತೋರುತ್ತವೆ. ಹದಿನಾಲ್ಕು ಬಿಟ್ಟುಗಳ ಕಚ್ಚಾ ಕಡತದಲ್ಲಾದರೆ ೧೬,೩೮೪ ಮೆಟ್ಟಿಲುಗಳು. ಕ್ಯಾಮೆರಾದಲ್ಲಿ ಕಚ್ಚಾ ಕಡತವನ್ನೇ ಉಳಿಸಿಕೊಳ್ಳಿರೆಂದು ನಾನು ವಿದ್ಯಾರ್ಥಿಗಳನ್ನು ಪೀಡಿಸುವುದಕ್ಕೆ ಇದೇ ಕಾರಣ.

ಇನ್ನು ಹರಿತಗೊಳಿಸುವ ವಿಧಾನ. ಇದಕ್ಕೆ ‘ಅನ್‌ಶಾರ್ಪ್ ಮಾಸ್ಕ್’ ಎಂಬ ವಿಚಿತ್ರವಾದ ಹೆಸರಿದೆ. ಕತ್ತಲಕೋಣೆಯ ಕಾಲದಲ್ಲಿ ಮಸುಕಾದ ಪ್ರತಿಯೊಂದನ್ನು ಮೂಲದ ಮೇಲೆ ಹೊಂದಿಸಿ ಅಂಚುಗಳನ್ನು ಎತ್ತಿ ತೋರಿಸುತ್ತಿದ್ದ ಕ್ರಮದಿಂದ ಬಂದದ್ದು. ಕಪ್ಪು ಬಿಳುಪು ಸೇರುವ ಅಂಚನ್ನು ಕಂಡಲ್ಲಿ ಅದು ಕಪ್ಪನ್ನು ಇನ್ನಷ್ಟು ಕಪ್ಪಾಗಿಯೂ ಬಿಳುಪನ್ನು ಇನ್ನಷ್ಟು ಬಿಳುಪಾಗಿಯೂ ಮಾಡುತ್ತದೆ. ಆ ಅಂಚು ಉಳಿಯಿಂದಾದುದೋ ಮಳೆಯಿಂದಾದುದೋ ಎಂಬ ವಿವೇಚನೆ ಅದಕ್ಕಿಲ್ಲ. ಗದ್ದಲವನ್ನು ಅಡಗಿಸುವ ವಿಧಾನದ್ದು ಇದಕ್ಕೆ ವಿರುದ್ಧವಾದ ದೋಷ: ಸಣ್ಣ ಚುಕ್ಕೆಗಳನ್ನೆಲ್ಲಾ ಅದು ಧೂಳೆಂದು ಭಾವಿಸಿ ಒರಸಿಹಾಕುತ್ತದೆ. ಕನ್ನಡದ ಅನುಸ್ವಾರವೂ ಒಂದು ಸಣ್ಣ ಸೊನ್ನೆಯೇ ಅಲ್ಲವೆ? ‘ಮಾಡಿಸಿದಂ’ ಎಂಬುದು ನಮ್ಮ ಶಾಸನಗಳಲ್ಲಿ ಸರ್ವೇಸಾಮಾನ್ಯವಾದ ಕ್ರಿಯಾಪದ. ಸೊನ್ನೆ ಅಳಿದರೆ ‘ಮಾಡಿಸಿದ’ ಎಂಬ ಕೃದಂತ ಉಳಿಯುತ್ತದೆ; ವಾಕ್ಯ ಮುಗಿಯಬೇಕಾದಲ್ಲಿ ಮುಗಿಯದೆ ಮುಂದಿನ ಹೆಸರಿಗೆ ವಿಶೇಷಣವಾಗಿ ಅಂಟಿಕೊಳ್ಳುತ್ತದೆ; ಗುಡಿಯನ್ನು ಕಟ್ಟಿಸಿದವನೇ ಬೇರೆಯಾದರೂ ಆಗಬಹುದು. ಕೈಫೋನುಗಳಲ್ಲಿ ಈ ಎರಡು ಕೆಲಸಗಳೂ ಪಟ ತೆಗೆದ ಕ್ಷಣದಲ್ಲಿಯೇ, ನಾವು ಕೇಳದೆಯೇ, ನಡೆದುಹೋಗುತ್ತವೆ. “ನಾನು ಏನೂ ಎಡಿಟ್ ಮಾಡಿಲ್ಲ, ಸಾರ್” ಎಂದು ವಿದ್ಯಾರ್ಥಿ ಪ್ರಾಮಾಣಿಕವಾಗಿಯೇ ಹೇಳುತ್ತಾನೆ. ಅವನ ಫೋನು ಮಾಡಿರುತ್ತದೆ.

ಪರರ ದೋಷಗಳನ್ನು ಎಣಿಸುವ ಮೊದಲು ನನ್ನದೊಂದನ್ನು ಒಪ್ಪಿಸುತ್ತೇನೆ. ಹೊಳೆನರಸೀಪುರ ತಾಲ್ಲೂಕಿನ ಒಂದು ಊರ ಹೊರಗಿನ ವೀರಗಲ್ಲಿನ ಪಟವನ್ನು ನನ್ನ ವಿದ್ಯಾರ್ಥಿಯೊಬ್ಬರು ತಂದುಕೊಟ್ಟರು. ಮೂರು ಹಂತಗಳ ಕಲ್ಲು; ಹಂತಗಳ ನಡುವಣ ಪಟ್ಟಿಯಲ್ಲಿ ಸವೆದ ಬರೆಹ. ಪಟ ಮಸುಕಾಗಿತ್ತು. ನಾನೇ ಅದನ್ನು ಗಣಕಯಂತ್ರದಲ್ಲಿ ತೆರೆದು ಕಾಂತಿಭೇದವನ್ನು ಹೆಚ್ಚಿಸಿ, ಎರಡು ಸಲ ಹರಿತಗೊಳಿಸಿ ಓದಿದೆನು. ಊರಿನ ಹೆಸರಿನ ಕೊನೆಯಲ್ಲಿ ‘ಪಳ್ಳಿ’ ಎಂದು ಸ್ಪಷ್ಟವಾಗಿ ಕಂಡಿತು. ಹಳಗನ್ನಡದ ಪಕಾರ ಹಕಾರವಾಗಿ ಪಳ್ಳಿ ಹಳ್ಳಿಯಾದದ್ದು ಕನ್ನಡ ಭಾಷೆಯ ಚರಿತ್ರೆಯಲ್ಲಿ ಕಾಲನಿರ್ಣಯಕ್ಕೆ ನೆರವಾಗುವ ಒಂದು ಲಕ್ಷಣ. ಕಲ್ಲಿನಲ್ಲಿ ತೇದಿಯಿರಲಿಲ್ಲ. ಪಕಾರವನ್ನು ಹಿಡಿದುಕೊಂಡು ಶಾಸನವನ್ನು ಹತ್ತನೆಯ ಶತಮಾನಕ್ಕೆ ಎಳೆದು, ವಿಭಾಗದ ವಿಚಾರಗೋಷ್ಠಿಯಲ್ಲಿ ಅರ್ಧ ಗಂಟೆ ಮಾತನಾಡಿಯೂ ಬಿಟ್ಟೆನು. ಶ್ರೋತೃಗಳಲ್ಲಿ ಹಿರಿಯರೊಬ್ಬರು, ಕಲ್ಲನ್ನು ನೋಡಿದ್ದೀರಾ ಎಂದು ಮಾತ್ರ ಕೇಳಿದರು. ನೋಡಿರಲಿಲ್ಲ.

ಮುಂದಿನ ಭಾನುವಾರ ಹೋಗಿ ನೋಡಿದೆನು. ಆ ಕಾಲದ ಲಿಪಿಯಲ್ಲಿ ಪಕಾರದ ಬಾಯಿ ಮೇಲೆ ತೆರೆದಿರುತ್ತದೆ, ವಕಾರದ ಬಾಯಿ ಮುಚ್ಚಿರುತ್ತದೆ. ಎರಡಕ್ಕೂ ಅಷ್ಟೇ ವ್ಯತ್ಯಾಸ. ಕಲ್ಲಿನ ಅಕ್ಷರದ ತಲೆಯ ಮೇಲೆ ಕಲ್ಲುಹೂವಿನ ಬಿಳಿಯ ಎಳೆಯೊಂದು ಅಡ್ಡಲಾಗಿ ಹಾದುಹೋಗಿತ್ತು. ಹರಿತಗೊಳಿಸಿದ ಪಟದಲ್ಲಿ ಆ ಬಿಳುಪು ಹೆಚ್ಚಿ, ತಲೆಗೆರೆಯ ತಗ್ಗು ಅದರಲ್ಲಿ ಮುಚ್ಚಿಹೋಗಿ, ಮುಚ್ಚಿದ ಬಾಯಿ ತೆರೆದಂತಾಗಿತ್ತು. ಬೆರಳಿಟ್ಟು ತಡವಿದರೆ ತಗ್ಗು ಎಲ್ಲಿಯೂ ಕಡಿದಿಲ್ಲ. ಅದು ‘ವಳ್ಳಿ’, ದೊಡ್ಡಗದ್ದವಳ್ಳಿಯಲ್ಲಿ ಇಂದಿಗೂ ಉಳಿದಿರುವ ವಳ್ಳಿ. ಅದರಿಂದ ಹತ್ತನೆಯ ಶತಮಾನವೂ ಸಿದ್ಧಿಸದು, ಹದಿಮೂರನೆಯದೂ ಸಿದ್ಧಿಸದು. ನಾನು ಕಟ್ಟಿದ್ದ ವಾದವೆಲ್ಲ ಒಂದು ಗುಂಡಿಯ ಎರಡು ಒತ್ತುಗಳ ಮೇಲೆ ನಿಂತಿತ್ತು. ಮುಂದಿನ ಗೋಷ್ಠಿಯಲ್ಲಿ ಅದನ್ನು ಹಿಂತೆಗೆದುಕೊಂಡೆನು.

ಇಂತಹ ತಪ್ಪಿಗೆ ತಂತ್ರಾಂಶವನ್ನು ದೂಷಿಸುವುದು ಸರಿಯಲ್ಲ. ಪಟವನ್ನು ತಿದ್ದುವ ಚಾಳಿ ಪಟದಷ್ಟೇ ಹಳೆಯದು. ರಿಚರ್ಡ್ ಬ್ಯಾನರ್ ಓಕ್ಲಿ ೧೮೫೬ರಲ್ಲಿಯೇ ಹಳೇಬೀಡಿನ ಪಟಗಳನ್ನು ತೆಗೆದನು; ಪಿಗೂ, ನೀಲ್, ಬಿಗ್ಸ್ ಇವರ ಪಟಗಳನ್ನೊಳಗೊಂಡು ಧಾರವಾಡ-ಮೈಸೂರುಗಳ ವಾಸ್ತುಶಿಲ್ಪವನ್ನು ಕುರಿತ ದೊಡ್ಡ ಗ್ರಂಥ ೧೮೬೬ರಲ್ಲಿ ಹೊರಬಂದಿತು. ಆ ಕಾಲದ ಗಾಜಿನ ಫಲಕಗಳು ನೀಲಿಬಣ್ಣಕ್ಕೆ ವಿಪರೀತ ಸ್ಪಂದಿಸುತ್ತಿದ್ದುದರಿಂದ ಆಕಾಶದಲ್ಲಿ ಮೋಡ ಮೂಡುತ್ತಲೇ ಇರಲಿಲ್ಲ, ಬೋಳು ಬಿಳುಪು. ಬರ್ಮಾ ಮತ್ತು ಮದ್ರಾಸು ಪ್ರಾಂತಗಳಲ್ಲಿ ಕೆಲಸಮಾಡಿದ ಲಿನಿಯಸ್ ಟ್ರೈಪ್ ತನ್ನ ನೆಗೆಟಿವುಗಳ ಮೇಲೆ ಕುಂಚದಿಂದ ಮೋಡಗಳನ್ನು ಬರೆದಿದ್ದಾನೆ. ಮದುವೆಯ ಪಟದಲ್ಲಿ ಹೆಣ್ಣಿನ ಮೊಗದ ಕಲೆಗಳನ್ನು ಸೀಸದ ಕಡ್ಡಿಯಿಂದ ಮುಚ್ಚುತ್ತಿದ್ದ ನಮ್ಮ ಊರುಗಳ ಸ್ಟುಡಿಯೋದವರೂ ಇದೇ ಪರಂಪರೆಯವರು. ಅವರ ಮೇಲೆ ನನಗೆ ಯಾವ ದೂರೂ ಇಲ್ಲ. ಆದರೆ ಟ್ರೈಪನ ಕುಂಚದ ಗೆರೆ ನೆಗೆಟಿವಿನ ಮೇಲೆ ಉಳಿದಿದೆ. ನೋಡಬಲ್ಲವನು ಇಂದೂ ನೋಡಿ, ಇಷ್ಟು ಬೆಳಕು ಬರೆದುದು, ಇಷ್ಟು ಕೈ ಬರೆದುದು ಎಂದು ಬೇರ್ಪಡಿಸಬಹುದು. ಮೂಲ ಕಡತದ ಮೇಲೆಯೇ ತಿದ್ದಿ ಉಳಿಸಿದ ಈಗಿನ ಪಟದಲ್ಲಿ ಹಾಗೆ ಬೇರ್ಪಡಿಸುವ ದಾರಿಯಿಲ್ಲ.

ಇಲ್ಲದ್ದನ್ನು ತುಂಬುವ ವಿದ್ಯೆಯಂತೂ ಇವೆಲ್ಲಕ್ಕಿಂತಲೂ ಅಪಾಯಕರ. ೧೯೮೨ರ ಫೆಬ್ರವರಿಯಲ್ಲಿ ನ್ಯಾಷನಲ್ ಜಿಯೋಗ್ರಾಫಿಕ್ ಪತ್ರಿಕೆ ತನ್ನ ಮುಖಪುಟದ ನಿಡಿದಾದ ಆಕಾರಕ್ಕೆ ಹೊಂದಲೆಂದು ಗೀಜಾದ ಪಿರಮಿಡ್ಡುಗಳನ್ನು ಗಣಕದ ನೆರವಿನಿಂದ ಒಂದರ ಹತ್ತಿರಕ್ಕೊಂದನ್ನು ಸರಿಸಿದಾಗ ಲೋಕದಲ್ಲಿ ದೊಡ್ಡ ಆಕ್ಷೇಪಣೆಯೆದ್ದಿತು. ಅಂದು ಅದಕ್ಕೆ ಬಹು ಬೆಲೆಯ ಯಂತ್ರ ಬೇಕಾಗಿತ್ತು. ೨೦೧೦ರಲ್ಲಿ ಫೋಟೋಶಾಪಿಗೆ, ಅಳಿಸಿದ ಜಾಗವನ್ನು ಸುತ್ತಲಿನ ಭಾಗಗಳನ್ನು ನೋಡಿ ತಾನೇ ತುಂಬುವ ಸಾಧನ ಸೇರಿತು. ೨೦೨೩ರಲ್ಲಿ, ಲಕ್ಷಾಂತರ ಚಿತ್ರಗಳಿಂದ ಕಲಿತದ್ದನ್ನು ಆಧರಿಸಿ ಹೊಸದಾಗಿ ಚಿತ್ರಿಸಿಯೇ ತುಂಬುವ ಕೃತಕ ಬುದ್ಧಿಮತ್ತೆ ಬಂದಿತು. ಈಗ ಈ ಕೆಲಸ ಕೈಫೋನಿನಲ್ಲಿ ಬೆರಳಿನಿಂದ ಆಗುತ್ತದೆ. ಗೋಡೆಯ ಮುಂದೆ ಹಾದುಹೋದ ತಂತಿಯನ್ನು ಅಳಿಸಿದರೆ ಅದರ ಹಿಂದಿದ್ದ ಶಿಲ್ಪದ ಭಾಗವನ್ನು ಯಾರು ಕೊಡಬೇಕು? ಯಂತ್ರ ಊಹಿಸುತ್ತದೆ. ಅರಕಲಗೂಡು ತಾಲ್ಲೂಕಿನ ಒಂದು ಗುಡಿಯ ಪಟದಲ್ಲಿ ದ್ವಾರಪಾಲಕನಿಗೆ ಆರು ಬೆರಳುಗಳಿದ್ದುವು. ವಿದ್ಯಾರ್ಥಿನಿ ಅದನ್ನು ವಿಶೇಷ ಲಕ್ಷಣವೆಂದು ಪ್ರಬಂಧದಲ್ಲಿ ವರ್ಣಿಸಿಯೂ ಇದ್ದರು! ಆ ಕೈಯ ಮುಂದೆ ಬಲ್ಬಿನ ತಂತಿಯೊಂದು ನೇತಾಡುತ್ತಿತ್ತೆಂದೂ, ಪಟ ಚೆನ್ನಾಗಿ ಕಾಣಲೆಂದು ಅವರ ತಮ್ಮ ಅದನ್ನು ಅಳಿಸಿಕೊಟ್ಟನೆಂದೂ ಮೌಖಿಕ ಪರೀಕ್ಷೆಯಲ್ಲಿ ತಿಳಿದುಬಂದಿತು. ತಂತಿ, ಬಲ್ಬು, ತಗಡು, ಸುಣ್ಣ ಇವೂ ಗುಡಿಯ ಚರಿತ್ರೆಯ ಭಾಗಗಳೇ ಎಂಬುದನ್ನು ಇತಿಹಾಸದ ವಿದ್ಯಾರ್ಥಿಗೆ ಬೇರೆ ಹೇಳಬೇಕಾಗಿ ಬಂದದ್ದು ವಿಷಾದದ ಸಂಗತಿ. ಶೆಟ್ಟಿಹಳ್ಳಿಯ ಪಾಳುಬಿದ್ದ ಚರ್ಚಿನ ಪಟಗಳಲ್ಲಿಯೂ ಇದೇ ಕಥೆ. ಗೊರೂರಿನ ಜಲಾಶಯದ ನೀರು ಅದರ ಗೋಡೆಗಳ ಮೇಲೆ ಎಷ್ಟು ಏರಿದೆ ಎಂಬುದರಿಂದ ಪಟ ತೆಗೆದ ಋತುವನ್ನು ಊಹಿಸಬಹುದು. ಬೇಸಿಗೆಯ ಗೋಡೆಗೆ ಮಳೆಗಾಲದ ಮೋಡವನ್ನೂ ಇಲ್ಲದ ನೀರಿನ ಪ್ರತಿಬಿಂಬವನ್ನೂ ಹೊಂದಿಸಿದ ಮೇಲೆ ಆ ಸಾಕ್ಷ್ಯ ಹೋಯಿತು.

ಇದರಲ್ಲಿ ನಷ್ಟವೇನೆಂದು ಕೇಳುವವರಿಗೆ ದೊಡ್ಡಗದ್ದವಳ್ಳಿಯನ್ನು ತೋರಿಸುತ್ತೇನೆ. ಹಾಸನದಿಂದ ಬೇಲೂರಿನ ಕಡೆಗಿರುವ ಆ ಊರಿನ ಲಕ್ಷ್ಮೀದೇವಿ ದೇವಾಲಯ ಹನ್ನೆರಡನೆಯ ಶತಮಾನದ ಆರಂಭದ್ದು. ಕುಲ್ಲಹಣ ರಾಹುತನೂ ಅವನ ಪತ್ನಿ ಸಹಜಾದೇವಿಯೂ ಕಟ್ಟಿಸಿದ್ದು. ಅಲ್ಲಿಯ ಮಹಾಕಾಳಿಯ ಮೂರ್ತಿ ೨೦೨೦ರ ನವೆಂಬರಿನಲ್ಲಿ ಒಡೆದು ಚೂರಾದ ಸ್ಥಿತಿಯಲ್ಲಿ ಕಂಡುಬಂದಿತು. ಮುಂದೆ ಆ ಮೂರ್ತಿಯ ಯಾವ ಭಾಗವನ್ನು ಕುರಿತು ಯಾರೇ ಬರೆಯಲಿ, ಅವರಿಗೆ ಆ ತಿಂಗಳಿಗಿಂತ ಹಿಂದಿನ ಛಾಯಾಚಿತ್ರಗಳೇ ಗತಿ. ಹಾಗೆ ಹುಡುಕಿದಾಗ ನಮ್ಮ ವಿಭಾಗದ ಹಳೆಯ ಪ್ರಬಂಧಗಳಲ್ಲಿ ನಾಲ್ಕು ಪಟಗಳು ದೊರೆತುವು. ಮೂರು ಮಂಕಾದುವು, ಒಂದು ಸುಂದರವಾದುದು. ಮಂಕಾದ ಮೂರೂ ಒಂದನ್ನೊಂದು ಸಮರ್ಥಿಸುತ್ತವೆ. ಸುಂದರವಾದ ಪಟದಲ್ಲಿ ಮುಖದ ಮೇಲಿನ ಸವೆತವನ್ನು ‘ನುಣುಪು’ ಮಾಡಲಾಗಿದೆ; ಕಣ್ಣಿನ ರೆಪ್ಪೆ ಉಳಿದ ಮೂರರಲ್ಲಿ ಇಲ್ಲದ ಹರಿತದಿಂದ ಮೂಡಿದೆ. ಅದರ ಮೂಲ ಕಡತವನ್ನು ತೆಗೆದವರು ಉಳಿಸಿಕೊಂಡಿಲ್ಲ. ನಾಲ್ಕರಲ್ಲಿ ಮಿಕ್ಕ ಮೂರಕ್ಕಿಂತ ಹತ್ತಿರದಿಂದ, ಒಳ್ಳೆಯ ಕ್ಯಾಮೆರಾದಿಂದ ತೆಗೆದದ್ದು ಅದೊಂದೇ. ಪ್ರಮಾಣವಾಗಿ ಬಳಸಲು ಬಾರದುದೂ ಅದೊಂದೇ.

ಪ್ರಯೋಗಶಾಲೆಯ ಶಾಸ್ತ್ರಗಳವರು ಈ ವಿಷಯದಲ್ಲಿ ನಮಗಿಂತ ಮುಂದಿದ್ದಾರೆ. ಜರ್ನಲ್ ಆಫ್ ಸೆಲ್ ಬಯಾಲಜಿ ಎಂಬ ಪತ್ರಿಕೆ ೨೦೦೨ರಿಂದಲೇ ತನಗೆ ಬಂದ ಲೇಖನಗಳ ಚಿತ್ರಗಳನ್ನು ಪರೀಕ್ಷಿಸತೊಡಗಿತು. ಕಾಂತಿಯನ್ನು ಹೆಚ್ಚಿಸುವುದಾದರೆ ಇಡೀ ಚಿತ್ರಕ್ಕೆ ಸಮನಾಗಿ ಹೆಚ್ಚಿಸತಕ್ಕದ್ದು, ಒಂದು ಭಾಗವನ್ನು ಮಾತ್ರ ಎತ್ತುವುದಾಗಲಿ ಅಳಿಸುವುದಾಗಲಿ ಕೂಡದು ಎಂಬುದು ಅಲ್ಲಿಯ ನಿಯಮದ ತಿರುಳು. ಶಾಸನದ ಪಟಕ್ಕೆ ಇದನ್ನು ಹಾಗೆಯೇ ಅನ್ವಯಿಸಬಹುದೆಂದು ನನಗೆ ತೋರುತ್ತದೆ. ಶಿಲ್ಪದ ಪಟಕ್ಕೆ ಸ್ವಲ್ಪ ಸಡಿಲ ಬೇಕಾದೀತು. ಗರ್ಭಗುಡಿಯ ಬಾಗಿಲಲ್ಲಿ ನಿಂತು ತೆಗೆದ ಪಟದಲ್ಲಿ ಒಳಗೆ ಕತ್ತಲೆ, ಹೊರಗೆ ಬಿಸಿಲು. ಒಳಭಾಗವನ್ನು ಮಾತ್ರ ಬೆಳಗಿಸದೆ ಮೂರ್ತಿ ಕಾಣುವುದೇ ಇಲ್ಲ. ಹಾಗೆ ಬೆಳಗಿಸಿರಿ, ಬೆಳಗಿಸಿದೆನೆಂದು ಬರೆಯಿರಿ. ನಾನು ಕೇಳುವ ಕಂಸ ಅದೇ.

ಅಚ್ಚಿನ ಮನೆಯವರು ಒಪ್ಪುವುದಿಲ್ಲ, ಪರೀಕ್ಷಕರು ಮಂಕು ಪಟಗಳಿಗೆ ಅಂಕ ಕೊಡುವುದಿಲ್ಲ ಎಂದು ವಿದ್ಯಾರ್ಥಿಗಳು ಹೇಳುವುದುಂಟು. ಎರಡನೆಯ ಮಾತಿನಲ್ಲಿ ನಿಜಾಂಶವಿದೆ. ಪರೀಕ್ಷಕರ ಪೈಕಿ ನಾನೂ ಒಬ್ಬನಾದುದರಿಂದ ತಲೆತಗ್ಗಿಸುತ್ತೇನೆ. ಆದರೆ ತಿದ್ದಿದ ಪಟವನ್ನು ಪುಟದಲ್ಲಿ ಅಚ್ಚುಹಾಕಿ, ಮೂಲ ಕಡತಗಳನ್ನು ಪ್ರಬಂಧದೊಡನೆ ಬೇರೆಯಾಗಿ ಒಪ್ಪಿಸುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಬೆಂಗಳೂರಿನ ಮಿಥಿಕ್ ಸೊಸೈಟಿ ೨೦೨೧ರಲ್ಲಿ ಆರಂಭಿಸಿದ ಕಾರ್ಯದಲ್ಲಿ ಅಲ್ಲಿಯ ಸುತ್ತಮುತ್ತಲ ಶಾಸನಗಳನ್ನು ಮೂರು ಆಯಾಮಗಳಲ್ಲಿ ಯಂತ್ರದಿಂದ ಅಳೆದು ದಾಖಲಿಸುತ್ತಿದ್ದಾರೆ. ಅಲ್ಲಿ ಕಲ್ಲಿನ ತಗ್ಗನ್ನೇ ಅಳೆಯುವುದರಿಂದ ಕಲ್ಲುಹೂವಿನ ಬಣ್ಣ ಅಕ್ಷರವನ್ನು ಕೆಡಿಸಲಾರದು. ಆ ಯಂತ್ರ ನಮ್ಮ ತಾಲ್ಲೂಕುಗಳ ಪ್ರತಿಯೊಂದು ಹೊಲದ ಬದುವಿನ ಕಲ್ಲಿಗೂ ಬರುವವರೆಗೆ ಮುಂಜಾನೆಯ ಓರೆ ಬಿಸಿಲು, ಒಂದು ಕನ್ನಡಿ, ಒಂದು ಬೂದು ಕಾರ್ಡು ಇವುಗಳಿಂದಲೇ ಕೆಲಸ ಸಾಗಬೇಕು. ಈ ವರ್ಷದಿಂದ ನನ್ನ ಮಾರ್ಗದರ್ಶನದಲ್ಲಿ ಬರೆಯುವವರು ಪ್ರತಿಯೊಂದು ಪಟದ ಅಡಿಯಲ್ಲಿಯೂ ಇಂತಹ ಒಂದು ಟಿಪ್ಪಣಿಯನ್ನು ಬರೆಯುತ್ತಿದ್ದಾರೆ: ‘ಬೆಳಗ್ಗೆ ೭-೩೦, ಎಡಗಡೆಯಿಂದ ಕನ್ನಡಿಯ ಬೆಳಕು, ಇಡೀ ಪಟಕ್ಕೆ ಕಾಂತಿಭೇದ ಹೆಚ್ಚಿಸಿದೆ, ಬಲದ ಅಂಚನ್ನು ಕತ್ತರಿಸಿದೆ, ಹರಿತಗೊಳಿಸಿಲ್ಲ.’ ಒಂದೂವರೆ ಸಾಲಿನ ಶ್ರಮ.

ಆ ವೀರಗಲ್ಲಿನ ಪಟವನ್ನು ಹೀಗೆಯೇ ಮತ್ತೆ ತೆಗೆದೆವು. ವಿದ್ಯಾರ್ಥಿ ಕನ್ನಡಿ ಹಿಡಿದರು, ನಾನು ಕೊಡೆಯನ್ನು ಅಡ್ಡ ಹಿಡಿದು ನೇರ ಬಿಸಿಲನ್ನು ತಡೆದೆನು; ದನ ಮೇಯಿಸುತ್ತಿದ್ದ ಹುಡುಗನೊಬ್ಬ ನಮ್ಮಿಬ್ಬರನ್ನೂ ನೋಡಿ ಬಹಳ ಹೊತ್ತು ನಕ್ಕನು. ವಕಾರ ಈಗ ಅನುಮಾನವಿಲ್ಲದೆ ಕಾಣುತ್ತದೆ. ಅದರ ಹಿಂದೆ ಊರಿನ ಹೆಸರಿನ ಮೊದಲ ಎರಡು ಅಕ್ಷರಗಳಿರಬೇಕಾದ ಕಡೆ ಕಲ್ಲು ಚಕ್ಕೆಯೆದ್ದಿದೆ. ಯಾವ ಬೆಳಕಿಗೂ ಅವು ಕಾಣಲಿಲ್ಲ. ಪ್ರಬಂಧದ ಪಾಠದಲ್ಲಿ ಅಲ್ಲಿ ಎರಡು ಚುಕ್ಕೆಗಳನ್ನು ಇಟ್ಟಿದ್ದೇವೆ. ಪಟದಲ್ಲಿ ಚಕ್ಕೆಯೆದ್ದ ಕಲ್ಲು ಚಕ್ಕೆಯೆದ್ದ ಹಾಗೆಯೇ ಇದೆ.